ಶಂಕುಸ್ಥಾಪನೆಯ ಕಲ್ಲಿಗೆ ಕೇಳದ ಪ್ರಶ್ನೆ

(ಸ್ಕ್ರಿವ್ನರ್ ಎಂಬ ಬರವಣಿಗೆಯ ತಂತ್ರಾಂಶದ ಕಾರ್ಕ್‌ಬೋರ್ಡಿನಲ್ಲಿ ನೇತಾಡುತ್ತಿದ್ದ ಇಂಡೆಕ್ಸ್ ಕಾರ್ಡು ಮಾತಿಗೆ ಸಿಕ್ಕಿತು. ಅದಕ್ಕೆ ಬೇಕಾದಷ್ಟು ಬಿಡುವಿತ್ತು. ಕಾದಂಬರಿಕಾರರು ಕಾರ್ಡು ತೆರೆಯುವುದೋ ಔಟ್‌ಲೈನ್ ತೆರೆಯುವುದೋ ಎಂಬ ಚಿಂತೆಯಲ್ಲಿದ್ದರು.)

ಎಷ್ಟು ವರ್ಷದ ಸರ್ವೀಸು?

2007ರಲ್ಲಿ ಮ್ಯಾಕ್‌ಗೆ ಬಂದೆವು. ನಮ್ಮ ಹಿರೀಕರು ಕಾಗದದವರು. ಕಾದಂಬರಿಕಾರ ನಬೊಕೊವ್ ಚಿಟ್ಟೆ ಹಿಡಿಯಲು ಹೊರಟ ದಾರಿಯಲ್ಲಿ, ಕಾರಿನೊಳಗೆ ಕೂತು 'ಲೊಲಿಟಾ' ಬರೆದದ್ದು ಅವರ ಮೈಮೇಲೇ.

ನಬೊಕೊವ್ ಅವರ ಕೊನೆಯ ಕಾದಂಬರಿ?

ಅದನ್ನೂ ಎತ್ತಲೇಬೇಕಿತ್ತೇ! 138 ಕಾರ್ಡು ಬಿಟ್ಟು ತೀರಿಕೊಂಡರು. ಸುಟ್ಟುಬಿಡಿ ಅಂದಿದ್ದರು. ಮಗ 2009ರಲ್ಲಿ ಅಚ್ಚು ಹಾಕಿಸಿದ. ಓದುಗರೇ ಕಾರ್ಡು ಕಿತ್ತು ಜೋಡಿಸಿಕೊಳ್ಳಲಿ ಅಂತ ಅಂಚಿಗೆ ಸಾಲುತೂತು ಬೇರೆ. ದುಡ್ಡು ಕೊಟ್ಟು ಕೊಂಡವರಿಗೇ ಬಿಟ್ಟಿ ಚಾಕರಿ.

ಅದೇ ತಂತ್ರಾಂಶದ ಔಟ್‌ಲೈನರ್ ಜೊತೆ ಜಗಳವಂತೆ?

ಅವನು ದಾಯಾದಿ, ಆದರೆ ಆಸ್ತಿ ಪಾಲಾಗಿಲ್ಲ. ನನ್ನ ಮೇಲಿರೋ ಸಾರಾಂಶವೇ ಅವನ ಸಾಲಿನಲ್ಲೂ ಇರೋದು. ನನ್ನನ್ನು ಎಳೆದು ಬೇರೆ ಕಡೆ ಇಟ್ಟರೆ ಅವನ ಸಾಲೂ ಜಾಗ ಬದಲಿಸುತ್ತೆ. ಅಧ್ಯಾಯ, ಅದರೊಳಗಿನ ದೃಶ್ಯ, ಅದರೊಳಗಿನ ತುಣುಕು, ಎಲ್ಲವನ್ನೂ ಅವನು ಒಟ್ಟಿಗೇ ತೋರಿಸ್ತಾನೆ. ನನ್ನ ಕೈಲಾಗೋದು ಒಂದೇ ಅಂತಸ್ತು.

ಆದರೂ ಜನಕ್ಕೆ ನೀವೇ ಇಷ್ಟ.

(ದನಿ ತಗ್ಗಿಸಿ) ಅವನಿಗೊಂದು ಕೆಟ್ಟ ಚಾಳಿ ಇದೆ. ಪದಗಳ ಲೆಕ್ಕದ ಕಾಲಂ! 'ಏಳನೇ ಅಧ್ಯಾಯ: 0' ಅಂತ ಮುಲಾಜಿಲ್ಲದೆ ಹೇಳಿಬಿಡ್ತಾನೆ. ನಾನು ಮರ್ಯಾದಸ್ಥ. 'ನಾಯಕಿ ಊರು ಬಿಡುತ್ತಾಳೆ. ಮಳೆ.' ಅಂತ ಗೀಚಿದರೆ ಸಾಕು, ಹಿಂದೆ ಪುಟ ಖಾಲಿಯಿದ್ದರೂ ತುಂಬಿದ ಮನೆಯವನ ಠೀವಿಯಲ್ಲಿ ನಿಂತಿರ್ತೀನಿ. ಬಣ್ಣ ಹಚ್ಚಿ, ಓರೆಯಾಗಿ 'ಫಸ್ಟ್ ಡ್ರಾಫ್ಟ್' ಮುದ್ರೆ ಒತ್ತಿಬಿಟ್ಟರಂತೂ ಕೇಳೋದೇ ಬೇಡ.

ಮೋಸ ಅಲ್ಲವೇ ಇದು?

ಶಂಕುಸ್ಥಾಪನೆಯ ಕಲ್ಲಿಗೆ ಯಾವತ್ತಾದರೂ ಈ ಪ್ರಶ್ನೆ ಕೇಳಿದ್ದೀರಾ?

(ಕೇಳಿಲ್ಲ. ಕೇಳಿದವರು ಯಾರೂ ನನಗೆ ಗೊತ್ತಿಲ್ಲ.) ಕೊನೆಗೆ ನಿಮ್ಮ ಲೇಖಕರು ಆರಿಸಿದ್ದು?

ಎರಡೂ ಅಲ್ಲ, ಫ್ರೀಫಾರ್ಮ್. ನಮ್ಮನ್ನು ಬೋರ್ಡಿನ ಮೇಲೆ ಎಲ್ಲಿ ಬೇಕಾದರೂ ಚೆಲ್ಲಬಹುದು, ಕ್ರಮಕ್ಕೆ ಒಪ್ಪಿಗೆ ಕೊಡೋವರೆಗೂ ಹಸ್ತಪ್ರತಿ ಅಲುಗಾಡೋದಿಲ್ಲ. ಅಲುಗಾಡೋಕೆ ಅಲ್ಲಿ ಏನಾದರೂ ಇರಬೇಕಲ್ಲ! ನಿನ್ನೆ ರಾತ್ರಿ ನನ್ನನ್ನು ಎಡಮೂಲೆಯಿಂದ ಬಲಮೂಲೆಗೆ ಸಾಗಿಸಿದರು. 'ಇವತ್ತು ಭಾರೀ ಕೆಲಸ ಆಯ್ತು' ಅಂತ ಮನೆಯವರಿಗೆ ಹೇಳಿ ಮಲಗಿದರು.