ಕೋಳಿ ಕಾಕಾ

ಕಾಚಿಗುಡದ ನಮ್ಮ ಗಲ್ಲಿಯಲ್ಲಿ ಅವರು ಎಲ್ಲರಿಗೂ ಕೋಳಿ ಕಾಕಾ. ಮೂಲ ಬೀದರ್ ಕಡೆ. ಹೈದರಾಬಾದಿಗೆ ಯಾವಾಗ ಬಂದಿರಿ ಎಂದು ಕೇಳಿದರೆ ಸಿಟ್ಟು ಬರುತ್ತದೆ. "ನಾವ್ ಎಲ್ಲಿ ಬಂದೀವಪಾ? 1956ರಾಗ ಗಡಿನೇ ಎದ್ದು ಆಕಡಿ ಹೋತು" ಅನ್ನುತ್ತಾರೆ. ನೌಕರಿಯಿಂದ ನಿವೃತ್ತರಾದ ಮೇಲೆ ಮಾಳಿಗೆಯ ಮೇಲೆ ಗೂಡು ಕಟ್ಟಿಸಿ ವನರಾಜ ಕೋಳಿ ಸಾಕಿದ್ದಾರೆ. ಇದೇ ಊರಿನ ರಾಜೇಂದ್ರನಗರದ ಕೋಳಿ ಸಂಶೋಧನಾ ಸಂಸ್ಥೆ ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿ ಅದು.

ಬದುಕಿರುವಷ್ಟು ದಿನ ಕೋಳಿಗೆ ಸಿಗುವುದು ಕಾಳು, ನೀರು ಮತ್ತು ಬೈಗುಳ. ರಾಜೋಪಚಾರ ಏನಿದ್ದರೂ ಸತ್ತ ಮೇಲೆ. ಕೊಯ್ಯುವ ಹಿಂದಿನ ರಾತ್ರಿ ಅದಕ್ಕೆ ಬರೀ ನೀರು, ಕರುಳು ಖಾಲಿಯಾಗಬೇಕಲ್ಲ. ಬಿಸಿಲೇರುವ ಮುಂಚೆ ಕೊಯ್ದು, ಬಿಸಿನೀರಲ್ಲಿ ಅದ್ದಿ ಪುಕ್ಕ ಕಿತ್ತು, ಪಿತ್ತಕೋಶ ಒಡೆಯದಂತೆ ಉಸಿರು ಬಿಗಿಹಿಡಿದು ಒಳಗಿನದೆಲ್ಲ ತೆಗೆದು, ಕೂಡಲೇ ಐಸು ಹಾಕಿದ ನೀರಿಗೆ ಇಳಿಸುತ್ತಾರೆ. ಆಮೇಲೆ ಬಿಗಿ ಮುಚ್ಚಳದ ಡಬ್ಬಿ, ಫ್ರಿಜ್ಜಿನ ತೀರಾ ಕೆಳಗಿನ ಖಾನೆ. ಮೇಲಿಟ್ಟರೆ ರಸ ಸೋರಿ ಕಾಕುವಿನ ಮೊಸರಿಗೆ ಬೀಳುತ್ತದಂತೆ. ಕೊತ್ತಂಬರಿ ಕಟ್ಟಿನ ಪಕ್ಕ ಒಂದು ಥರ್ಮಾಮೀಟರ್ ಮಲಗಿರುತ್ತದೆ, ನಾಲ್ಕು ಡಿಗ್ರಿ ದಾಟಿತೋ ಮನೆಯಲ್ಲಿ ವಿಚಾರಣೆ. ಡಬ್ಬಿಯ ಮೇಲೆ ಚೀಟಿ: ಕೊಯ್ದ ತಾರೀಖು, ವೇಳೆ. ಎರಡು ದಿನದೊಳಗೆ ಒಲೆ ಏರಬೇಕು, ಇಲ್ಲವೇ ಫ್ರೀಜರ್ ಸೇರಬೇಕು.

"ನನ್ನ ಬಂಗಾರದ ಬಳಿ ಎಲ್ಲಿಟ್ಟೀನಿ ಅಂತ ಇವರಿಗೆ ಗೊತ್ತಿಲ್ಲ" ಎನ್ನುತ್ತಾರೆ ಕಾಕು.

ಹಸಿ ಮಾಂಸವನ್ನು ನಲ್ಲಿಯ ಕೆಳಗೆ ಹಿಡಿದು ತಿಕ್ಕಿ ತೊಳೆಯುವುದು ಈ ಮನೆಯಲ್ಲಿ ಮಹಾಪರಾಧ. ಹನಿ ಸಿಡಿದು ಕಟ್ಟೆ, ಪಾತ್ರೆ, ಸೌತೆಕಾಯಿ ಎಲ್ಲಕ್ಕೂ ಸಾಲ್ಮೊನೆಲ್ಲಾ ಅಂಟುತ್ತದೆ, ಅದನ್ನು ಕೊಲ್ಲುವುದು ನೀರಲ್ಲ, ಬೆಂಕಿ ಎಂಬುದು ಅವರ ವಾದ. ವಾದ ಸರಿಯೇ. ಆದರೆ ಆ ಹೆಸರನ್ನು ಅವರು ಎಷ್ಟು ದ್ವೇಷದಿಂದ ಹೇಳುತ್ತಾರೆಂದರೆ, ಸಾಲ್ಮೊನೆಲ್ಲಾ ಎಂದರೆ ಕಾಕುವಿನ ತವರಿನ ಕಡೆಯ ಯಾರೋ ಎಂದು ಮೊಮ್ಮಗ ತಿಳಿದಿದ್ದಾನೆ.

ಮೇ ತಿಂಗಳಲ್ಲಿ ಕರೆಂಟು ಹೋದರೆ ಕಾಕಾ ಕುರ್ಚಿ ತಂದು ಫ್ರಿಜ್ಜಿಗೆ ಅಡ್ಡ ಕೂರುತ್ತಾರೆ. ಬಾಗಿಲು ತೆಗೆಯದಿದ್ದರೆ ಒಳಗಿನ ತಂಪು ನಾಲ್ಕು ತಾಸು ತಡೆಯುತ್ತದೆ. ಕಾಕು ಒಂದು ಲೋಟ ತಣ್ಣೀರು ಕೇಳಿದರೂ "ನಕ್ಕೋ! ಬಾಗಲಾ ಮುಟ್ಟಬ್ಯಾಡ!" ಎಂಬ ಗರ್ಜನೆ. ಕೋಳಿ ತಣ್ಣಗಿರುತ್ತದೆ, ಮನೆಮಂದಿ ಬೇಯುತ್ತಾರೆ.

ಆಷಾಢದ ಬೋನಾಲು ಭಾನುವಾರ ಕಲಬುರಗಿಯಿಂದ ಅಳಿಯ ಬಂದರು. ಅಂದು ಗಲ್ಲಿಯ ಮನೆಮನೆಯಲ್ಲೂ ಅಮ್ಮನಿಗೆ ಕೊಟ್ಟ ಕೋಳಿ ಕುದಿಯುತ್ತಿತ್ತು, ಮಸಾಲೆಯ ವಾಸನೆ ಕಿಟಕಿಗಳಿಂದ ನುಗ್ಗುತ್ತಿತ್ತು. ಕಾಕಾ ಕೂಡ ಬೆಳಿಗ್ಗೆಯೇ ದೊಡ್ಡ ಹುಂಜವನ್ನು ಕೊಯ್ದಿದ್ದರು. ಮಧ್ಯಾಹ್ನ ತಟ್ಟೆಗೆ ಬಂದದ್ದು ಬೇಳೆಸಾರು.

"ಈಗ ಖಂಡ ಬಿಗಿ ಹಿಡದದ, ಅಳಿಯಂದ್ರ. ಈಗ ಬೇಯಿಸಿದ್ರ ಚಪ್ಪಲಿ ಅಗದಂಗ ಆಗ್ತದ. ಒಂದ್ ರಾತ್ರಿ ತಂಪಿನ್ಯಾಗ ಮಲಗ್ಲಿ, ತಾನೇ ಮೆತ್ತಗಾಗ್ತದ."

"ನನ್ನ ಬಸ್ಸು ಇವತ್ತ ರಾತ್ರಿನೇ ಅದರೀ ಮಾವಾ."

"ಹಂಗಾರ ಚಿಂತಿ ಬ್ಯಾಡ್ರಿ. ನಾಳಿ ಫ್ರೀಜರಿಗೆ ಹಾಕ್ತೀನಿ. ಮೈನಸ್ ಹದಿನೆಂಟು. ದೀಪಾವಳಿಗಿ ಬರ್ರಿ."

ಅಳಿಯ ಮಾತಾಡದೆ ಫೋನು ತೆಗೆದು ಬಿರಿಯಾನಿ ತರಿಸಿದರು. ತಂದ ಹುಡುಗನನ್ನು ಕಾಕಾ ಬಾಗಿಲಲ್ಲೇ ನಿಲ್ಲಿಸಿ, ಕೋಳಿ ಕೊಯ್ದದ್ದು ಯಾವಾಗ, ಎಲ್ಲಿಟ್ಟಿದ್ದರು ಎಂದು ದಖನಿಯಲ್ಲಿ ವಿಚಾರಿಸಿದರು. ಪಾಪ, ಅವನು ಬೈಕಿನ ಕಡೆ ನೋಡಿದ. ಊಟ ಮುಗಿಯುತ್ತಲೇ ಉಳಿದ ಬಿರಿಯಾನಿಯನ್ನು ಕಾಕಾ ಡಬ್ಬಿಗೆ ತುಂಬಿ, ತಾರೀಖಿನ ಚೀಟಿ ಅಂಟಿಸಿ, ಬೆಂದ ಪದಾರ್ಥಗಳ ಮೇಲಿನ ಖಾನೆಗೆ ಸೇರಿಸಿದರು.

ರಾತ್ರಿ ಚಪ್ಪಲಿ ಮೆಟ್ಟುವಾಗ ಅಳಿಯ ಸಂಕೋಚದಿಂದಲೇ ಆ ಡಬ್ಬಿ ಕೇಳಿದರು, ದಾರಿಯಲ್ಲಿ ತಿನ್ನೋಣವೆಂದು.

"ನಿಮ್ಮ ಬಸ್ಸಿನ್ಯಾಗ ಫ್ರಿಜ್ ಅದ ಏನ್ರಿ?" ಎಂದರು ಕಾಕಾ.