ಲಸಿಕೆ ಕಾರ್ಡ್ ಎಲ್ಲಿಟ್ಟೀರಿ, ವೈನಿ?

ಜೂನ್ ಬಂತೆಂದರೆ ನಮ್ಮ ಗೋಕಾಕದಲ್ಲಿ ಕಂಪೌಂಡ್ ಗೋಡೆಯ ಮೇಲಿನ ಮಾತೆಲ್ಲ ಎರಡೇ ವಿಷಯಕ್ಕೆ ಬಂದು ನಿಲ್ಲುತ್ತದೆ. ಹಿಡಕಲ್ ಡ್ಯಾಮಿಗೆ ನೀರು ಎಷ್ಟು ಬಂತು, ಯಾರ ಮಕ್ಕಳಿಗೆ ಎಲ್ಲಿ ಸೀಟು ಸಿಕ್ಕಿತು. ಈ ಸಲ ಇನ್ನೊಂದು ಸೇರಿಕೊಂಡಿದೆ: ಯಾರ ಲಸಿಕೆ ಕಾರ್ಡ್ ಎಲ್ಲಿದೆ.

ಪಕ್ಕದ ಮನೆ ವೈನಿಯ ಮಗಳಿಗೆ ಬೆಳಗಾವಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ. ವೈನಿಯ ತವರು ಹುಕ್ಕೇರಿ. ಅಲ್ಲಿ ಅವರ ಅಣ್ಣನ ಮಗ ಎಂಎಸ್ ಓದಲು ಅಮೆರಿಕಕ್ಕೆ ಹೊರಟು ನಿಂತಿದ್ದಾನೆ. ತಂಗಿಯನ್ನು ಕೊಟ್ಟಿದ್ದು ಮೂಡಲಗಿ ಕಡೆಯ ಹೊಳೆದಂಡೆಯ ಹಳ್ಳಿಗೆ, ಅವಳ ಮಗಳೂ ನರ್ಸಿಂಗೇ. ಮೂರೂ ಮನೆಯಲ್ಲಿ ಈಗ ಒಂದೇ ಹುಡುಕಾಟ.

"ಸೀಟ್ ಕೊಟ್ಟಾರ, ಫೀ ತಗೊಂಡಾರ. ಈಗ ಕೂಸಿದ್ದಾಗ ಮಾಡಿಸಿದ ಸೂಜಿದ ಲೆಕ್ಕಾ ಕೇಳಾಕತ್ತಾರ ನೋಡ್ರಿ. ಅಷ್ಟ್ ವರ್ಷದ ಹಿಂದಿಂದು ಯಾರ್ ಇಟ್ಟಿರ್ತಾರ?" ಅಂತ ವೈನಿ ಸಿಟ್ಟಾದರು.

"ಇಟ್ಟಿರಬೇಕ್ರಿ ವೈನಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಟ್ಟಿಲ್ಲೇನು?" ಅಂದೆ. ನನ್ನ ದನಿ ತುಸು ಜೋರೇ ಆಗಿದ್ದಿರಬೇಕು. ಈ ವಿಷಯಕ್ಕೆ ನನಗೆ ಹಾಗೇ ಆಗುತ್ತದೆ. ನಮ್ಮ ಮಕ್ಕಳಿಗೆ ಸೂಜಿ ಬಿದ್ದಿಲ್ಲ ಅಂತಲ್ಲ. ಬಿದ್ದಿದೆ, ಪುಕ್ಕಟೆ ಬಿದ್ದಿದೆ. ಗುರುವಾರಕ್ಕೊಮ್ಮೆ ನರ್ಸಬಾಯಿ ಮಳೆಗಾಲದ ರಾಡಿ ತುಳಿದುಕೊಂಡು, ಐಸಿನ ಡಬ್ಬಿ ಹೆಗಲಿಗೆ ಹಾಕಿಕೊಂಡು ಅಂಗನವಾಡಿಗೆ ಬಂದು ಹಾಕಿ ಹೋಗಿದ್ದಾಳೆ. ಅವಳು ಬರೆದುಕೊಟ್ಟ ಹಾಳೆಯನ್ನು ಕಾಯ್ದಿಡುವುದಷ್ಟೇ ನಮ್ಮ ಪಾಲಿನ ಕೆಲಸವಾಗಿತ್ತು.

ಮರುದಿನ ವೈನಿ ಕಾರ್ಡ್ ಹುಡುಕಿ ತಂದರು. ಹಳೆಯ ರೇಷನ್ ಕಾರ್ಡ್, ಮದುವೆ ಲಗ್ನಪತ್ರಿಕೆಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಇತ್ತಂತೆ. ಗೋಡೆಯ ಮೇಲೆ ಹರಡಿ ಇಬ್ಬರೂ ನೋಡಿದೆವು. ಈಗಿನ ತಾಯಿ ಕಾರ್ಡಿನ ಹಾಗೆ ಪುಸ್ತಕವಲ್ಲ, ಮಡಚುವ ದಪ್ಪ ಹಾಳೆ. ಮಡಿಕೆಯ ಗೆರೆಯಲ್ಲಿ ಹರಿದು ಎರಡಾಗಲು ಬಂದಿದೆ, ಒಂದು ಮೂಲೆಗೆ ಅರಿಶಿಣದ ಕಲೆ. ಬಿಸಿಜಿ, ಪೋಲಿಯೊ ಹನಿ, ಡಿಪಿಟಿ ಮೂರು ಸಲ, ಒಂಬತ್ತು ತಿಂಗಳಿಗೆ ದಡಾರದ್ದು. ಪ್ರತಿ ಚೌಕದಲ್ಲೂ ನೀಲಿ ಪೆನ್ನಿನಲ್ಲಿ ತಾರೀಖು, ಪಕ್ಕದಲ್ಲೊಂದು ಚಿಕ್ಕ ಸಹಿ, ಎಲ್ಲ ಒಂದೇ ಕೈಬರಹ. ಒಂದು ಕಡೆ ತಾರೀಖು ಹೊಡೆದುಹಾಕಿ ಮತ್ತೆ ಬರೆದಿತ್ತು. ಅದನ್ನು ನೋಡಿ ವೈನಿಗೆ ನೆನಪಾಯಿತು: "ಅವತ್ತ ಜ್ವರ ಇದ್ವು, ವಾಪಸ್ ಕಳಸಿದ್ಲು. ಮುಂದಿನ ವಾರ ತಾನಽ ಮನೀಗಿ ಬಂದ್ಲು ನೋಡ್ರಿ."

ಹುಕ್ಕೇರಿಯ ಹುಡುಗನ ಕತೆ ಬೇರೆ. ಅವನ ಹತ್ತಿರ ಕಾರ್ಡೂ ಇದೆ, ಆದರೆ ವಿಶ್ವವಿದ್ಯಾಲಯದ ಫಾರ್ಮಿನಲ್ಲಿ ಮೊದಲು ಕೇಳಿದ್ದೇ ಎಂಎಂಆರ್, ಎರಡು ಡೋಸ್. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ ಅದು. ಅವನು ಹುಟ್ಟಿದ್ದು 2003ರಲ್ಲಿ. ಆಗ ನಮ್ಮ ಸರ್ಕಾರಿ ಪಟ್ಟಿಯಲ್ಲಿ ದಡಾರಕ್ಕೆ ಒಂದೇ ಸೂಜಿ. ಎರಡನೆಯದು ಸೇರಿದ್ದೇ 2010ರಿಂದೀಚೆಗೆ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಬಂತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ಶಾಲೆಯಲ್ಲೇ ಹಾಕಿದರು, ಎಡಗೈ ಹೆಬ್ಬೆರಳಿಗೆ ಮಸಿ ಹಚ್ಚಿ ಕಳಿಸಿದರು. ವಾಟ್ಸಾಪ್ ನೋಡಿ ಹೆದರಿ ಆ ದಿನ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡವರೂ ಇದ್ದರು. ಈ ಹುಡುಗ ಹಾಕಿಸಿಕೊಂಡಿದ್ದಾನೆ. ಹಾಗಾಗಿ ಲೆಕ್ಕ ಹಾಕಿದರೆ ದಡಾರಕ್ಕೆ ಎರಡು, ರುಬೆಲ್ಲಾಕ್ಕೆ ಒಂದು, ಮಂಗನಬಾವಿಗೆ ಸೊನ್ನೆ. ಮಂಗನಬಾವಿನ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲಿ ಇರಲೇ ಇಲ್ಲ. ಅದು ಇರಬೇಕಿತ್ತು ಎಂದೇ ನನ್ನ ಅಭಿಪ್ರಾಯ. 2024ರಲ್ಲಿ ಕೇರಳದಲ್ಲಿ ಸಾವಿರಾರು ಮಕ್ಕಳು ಗದ್ದ ಬಾತುಕೊಂಡು ಮಲಗಿದ್ದನ್ನು ಪತ್ರಿಕೆಯಲ್ಲಿ ಓದಿದಾಗಲೂ ಹಾಗೇ ಅನ್ನಿಸಿತ್ತು.

ಹುಡುಗನ ಅಪ್ಪನಿಗೆ ಫೋನಿನಲ್ಲಿ ಹೇಳಿದೆ: ದಾಖಲೆ ಹುಡುಕುತ್ತ ಕೂರಬೇಡಿ, ಖಾಸಗಿ ಆಸ್ಪತ್ರೆಯಲ್ಲಿ ಎಂಎಂಆರ್ ಎರಡೂ ಡೋಸ್ ಹಾಕಿಸಿಬಿಡಿ. ಮೊದಲು ಬಿದ್ದಿದ್ದರೂ ಮತ್ತೊಮ್ಮೆ ಹಾಕಿಸಿಕೊಂಡರೆ ಕೆಡುಕಿಲ್ಲ. ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಕನಿಷ್ಠ 28 ದಿನ ಬೇಕು. ಆಗಸ್ಟಿನಲ್ಲಿ ವಿಮಾನ ಹತ್ತುವವನು ಜುಲೈ ಕೊನೆಗೆ ಎಚ್ಚರಾದರೆ ಎರಡನೆಯದನ್ನು ಅಲ್ಲೇ, ಡಾಲರ್ ಎಣಿಸಿ ಹಾಕಿಸಿಕೊಳ್ಳಬೇಕಾಗುತ್ತದೆ. ಅದು ಆಗುವವರೆಗೆ ಎಷ್ಟೋ ಕಡೆ ಮುಂದಿನ ಸೆಮಿಸ್ಟರಿನ ನೋಂದಣಿಯನ್ನೇ ತಡೆಹಿಡಿಯುತ್ತಾರೆ. ರಕ್ತ ಪರೀಕ್ಷೆ ಮಾಡಿಸಿ, ರೋಗನಿರೋಧಕ ಶಕ್ತಿ ಇದೆ ಎಂದು ತೋರಿಸುವ ದಾರಿಯೂ ಇದೆ. ಅದರಲ್ಲಿ ಇಲ್ಲ ಎಂದು ಬಂದರೆ ಮತ್ತೆ ಸೂಜಿಗೇ ಬರಬೇಕು, ಅಷ್ಟರಲ್ಲಿ ದಿನ ಕಳೆದಿರುತ್ತವೆ.

ಫಾರ್ಮಿನಲ್ಲಿ ಕೇಳಿದ ಇನ್ನೊಂದು, ಕ್ಷಯದ ಪರೀಕ್ಷೆ. ನಮ್ಮ ಮಕ್ಕಳ ಎಡ ತೋಳಿನಲ್ಲಿ ಬಿಸಿಜಿ ಗುರುತಿರುತ್ತದಲ್ಲ, ಅದರಿಂದ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯಲ್ಲಿ ರೋಗವಿಲ್ಲದಿದ್ದರೂ ಚುಚ್ಚಿದ ಜಾಗ ಊದಿಕೊಳ್ಳಬಹುದು. ಇಗ್ರಾ ಎಂಬ ರಕ್ತ ಪರೀಕ್ಷೆಗೆ ಬಿಸಿಜಿಯ ಅಡ್ಡಿ ಇಲ್ಲ, ಅದನ್ನೇ ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು.

"ಅವರಿಗ್ಯಾಕ್ರಿ ಇಷ್ಟ್ ಅಂಜಿಕಿ?" ಅಂದರು ವೈನಿ. ಅಂಜಿಕೆಗೆ ಕಾರಣ ಇದೆ. 2025ರಲ್ಲಿ ಟೆಕ್ಸಾಸ್‌ನಲ್ಲಿ ದಡಾರ ಹಬ್ಬಿ ಲಸಿಕೆ ಹಾಕಿಸದ ಇಬ್ಬರು ಮಕ್ಕಳು ತೀರಿಕೊಂಡರು. ಹಾಸ್ಟೆಲ್ ಅಂದರೆ ನಾಲ್ಕು ದಿಕ್ಕಿನ ಮಕ್ಕಳು ಒಂದೇ ಕೋಣೆಯಲ್ಲಿ ಮಲಗುವ ಜಾಗ. ಒಬ್ಬನಿಗೆ ಬಂದದ್ದು ಮೆಸ್ಸಿನ ಊಟದ ಹೊತ್ತಿಗೆ ಇಡೀ ಮಹಡಿಗೆ ಹೋಗಿರುತ್ತದೆ.

ನಮಗೇನು ಇದು ಹೊಸದೇ? 2021ರ ಜುಲೈ 26ರಂದು ನಮ್ಮ ರಾಜ್ಯದಲ್ಲಿ ಪದವಿ ಕಾಲೇಜುಗಳ ಬಾಗಿಲು ತೆಗೆದಾಗ, ಕೋವಿಡ್ ಲಸಿಕೆ ಒಂದು ಡೋಸಾದರೂ ಆದವರಿಗೆ ಮಾತ್ರ ತರಗತಿ ಎಂದಿತ್ತು ಸರ್ಕಾರ. ಪ್ರವೇಶಪತ್ರದ ಬದಲು ಮೊಬೈಲಿನಲ್ಲಿ ಕೋವಿನ್ ಸರ್ಟಿಫಿಕೇಟ್ ತೋರಿಸಿ ಒಳಗೆ ಹೋದ ಮಕ್ಕಳು ನಮ್ಮವೇ. ವಿದೇಶಕ್ಕೆ ಓದಲು ಹೋಗುವವರಿಗೆ ಕೋವಿಶೀಲ್ಡ್ ಎರಡನೇ ಡೋಸಿನ 84 ದಿನದ ಅಂತರವನ್ನು 28ಕ್ಕೆ ಇಳಿಸಿ, ಸರ್ಟಿಫಿಕೇಟಿಗೆ ಪಾಸ್‌ಪೋರ್ಟ್ ನಂಬರು ಜೋಡಿಸಿಕೊಟ್ಟರು. ಕೊವ್ಯಾಕ್ಸಿನ್ ಹಾಕಿಸಿಕೊಂಡವರು ಮಾತ್ರ ಒದ್ದಾಡಿದರು. ಅದರ ಮೊದಲ ಹಂತದ ಪ್ರಯೋಗ 2020ರಲ್ಲಿ ನಡೆದ ಊರುಗಳಲ್ಲಿ ನಮ್ಮ ಬೆಳಗಾವಿಯೂ ಒಂದು, ಜೀವನ ರೇಖಾ ಆಸ್ಪತ್ರೆಯಲ್ಲಿ. ಆದರೂ 2021ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವವರೆಗೆ ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ನನಗೆ ಅದು ಇವತ್ತಿಗೂ ಬೇಸರದ ಸಂಗತಿ. ಲಸಿಕೆಯ ವಿಷಯದಲ್ಲಿ ಬೆಳಗಾವಿ ನಿನ್ನೆ ಮೊನ್ನೆಯ ಊರಲ್ಲ. ಟಿಳಕವಾಡಿಯಲ್ಲಿ ಈಗ ಮೇಳ, ಪ್ರದರ್ಶನ ನಡೆಯುವ ವ್ಯಾಕ್ಸಿನ್ ಡಿಪೋ ಮೈದಾನವಿದೆಯಲ್ಲ, ಬ್ರಿಟಿಷರ ಕಾಲದಲ್ಲಿ ಕರುಗಳ ಮೈಮೇಲೆ ಸಿಡುಬಿನ ಲಸಿಕೆ ಬೆಳೆಸಿ ಮುಂಬೈ ಪ್ರಾಂತ್ಯಕ್ಕೆ ಕಳಿಸುತ್ತಿದ್ದದ್ದು ಅಲ್ಲಿಂದಲೇ.

ಮೂಡಲಗಿ ಕಡೆಯ ತಂಗಿಯದ್ದೇ ನಿಜವಾದ ಕಷ್ಟ. 2019ರ ಆಗಸ್ಟಿನಲ್ಲಿ ಘಟಪ್ರಭೆ ಏರಿ ಲೋಳಸೂರ ಸೇತುವೆ ಮುಳುಗಿತ್ತು, ಗೋಕಾಕದ ಓಣಿಗಳಲ್ಲಿ ದೋಣಿ ಓಡಾಡಿದ್ದವು. ಆ ನೀರಿನಲ್ಲಿ ಅವರ ಮನೆಯ ಟ್ರಂಕೂ ಹೋಯಿತು. ಆಧಾರ್ ಮತ್ತೆ ತೆಗೆಸಿದರು, ಪಟ್ಟೆ ಪುಸ್ತಕ ಮಾಡಿಸಿದರು, ಮಗಳ ಲಸಿಕೆ ಕಾರ್ಡ್ ಯಾರಿಗೂ ನೆನಪಾಗಲಿಲ್ಲ. ಆ ಹುಡುಗಿ ಹುಟ್ಟಿದಾಗ ಮೂಡಲಗಿ ಇನ್ನೂ ಗೋಕಾಕ ತಾಲ್ಲೂಕಿನಲ್ಲೇ ಇತ್ತು. ಹೀಗಾಗಿ ಹಳೆಯ ರಿಜಿಸ್ಟರ್ ಎಲ್ಲಿದೆ ಎಂದು ಇಲ್ಲಿಗೂ ಅಲ್ಲಿಗೂ ತಿರುಗಿದರು. ಕೊನೆಗೆ ಊರಿನ ಆಶಾ ಕಾರ್ಯಕರ್ತೆಯೇ ಹಳೆಯ ನರ್ಸಬಾಯಿಯನ್ನು ಪತ್ತೆ ಹಚ್ಚಿದಳು. ನಿವೃತ್ತಿಯಾಗಿರುವ ಆ ತಾಯಿ ಉಪಕೇಂದ್ರಕ್ಕೆ ಬಂದು ಕಪಾಟಿನಿಂದ ರಿಜಿಸ್ಟರ್ ತೆಗೆಸಿ ಪುಟ ತೋರಿಸಿದರಂತೆ. ನಮ್ಮ ಆರೋಗ್ಯ ವ್ಯವಸ್ಥೆ ನಿಂತಿರುವುದು ಇಂಥವರ ಮೇಲೆ. ಅವರಿಗೆ ಸಿಗುವ ಸಂಬಳ, ಗೌರವಧನ ಅವರ ದುಡಿಮೆಗೆ ತಕ್ಕದ್ದಲ್ಲ.

ವೈನಿ ಆಗ ಸಣ್ಣ ದನಿಯಲ್ಲಿ ರಾಮದುರ್ಗದ ಮಾತು ತೆಗೆದರು. 2022ರ ಜನವರಿಯಲ್ಲಿ ಆ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿದ ಮೇಲೆ ಮೂರು ಕೂಸುಗಳು ಹೋದವು. ಅದನ್ನು ಮುಚ್ಚಿಡುವುದು ತಪ್ಪು. ಲಸಿಕೆಯನ್ನು ಕಾಪಾಡಿದ ರೀತಿಯಲ್ಲೇ ನಿರ್ಲಕ್ಷ್ಯವಾಗಿತ್ತು ಎಂದು ಇಲಾಖೆಯೇ ಹೇಳಿತು. ಬಾಟಲಿ ಇಡಬೇಕಾದ ತಣ್ಣನೆಯ ಜಾಗ, ತೆರೆದ ಮೇಲೆ ಬಳಸಬೇಕಾದ ತಾಸು, ಇವೆರಡರಲ್ಲಿ ಎಡವಿದರೆ ಒಳ್ಳೆಯ ಮದ್ದೂ ವಿಷವಾಗುತ್ತದೆ. ಅದಕ್ಕೇ ವೈನಿಗೆ ಹೇಳಿದೆ, ಸೂಜಿ ಹಾಕಿಸುವಾಗ ಬಾಟಲಿ ಎಲ್ಲಿಂದ ತೆಗೆದರು, ಯಾವಾಗ ತೆರೆದರು ಎಂದು ಕೇಳುವುದಕ್ಕೆ ಸಂಕೋಚ ಬೇಡ. ಕೇಳುವುದು ತಾಯಿಯ ಹಕ್ಕು. ಹಾಕಿಸುವುದೇ ಬೇಡ ಎನ್ನುವ ಕಡೆಗೆ ಮಾತ್ರ ಹೋಗಬಾರದು.

ಇನ್ನುಳಿದದ್ದು ಅವರ ಮಗಳ ಹೆಪಟೈಟಿಸ್ ಬಿ. ಕಾರ್ಡಿನಲ್ಲಿ ಅದು ಇರಲಿಲ್ಲ; ಇಡೀ ದೇಶದ ಪಟ್ಟಿಗೆ ಅದು ಬಂದದ್ದು 2011ರಲ್ಲಿ. ನರ್ಸಿಂಗ್ ಮಕ್ಕಳು ವಾರ್ಡಿಗೆ ಕಾಲಿಟ್ಟ ಮೇಲೆ ರಕ್ತ ಹತ್ತಿದ ಸೂಜಿ ಕೈಗೆ ಚುಚ್ಚಿಕೊಳ್ಳುವುದು ಅಪರೂಪವಲ್ಲ, ಈ ರೋಗ ರಕ್ತದಿಂದಲೂ ಹರಡುತ್ತದೆ. ಇವತ್ತೊಂದು, ತಿಂಗಳಿಗೊಂದು, ಆರು ತಿಂಗಳಿಗೊಂದು, ಹೀಗೆ ಮೂರು. ಮೊದಲೆರಡು ಹಾಕಿಸಿಕೊಂಡು ಮೂರನೆಯದನ್ನು ಮರೆಯುವವರೇ ಹೆಚ್ಚು.

"ಮೂರನೇದರ ಹೊತ್ತಿಗೆ ಅಕಿ ಬೆಳಗಾವ್ಯಾಗ ಇರ್ತಾಳಲ್ರಿ. ಅದಕ್ಕಂತ ಇಲ್ಲಿಗೇ ಬರಬೇಕೇನು?"

"ಬ್ಯಾಡ್ರಿ ವೈನಿ, ಅಲ್ಲೇ ಮಾಡಿಸಿದ್ರ ನಡೀತೈತಿ. ಹಳೇ ಚೀಟಿ ಒಯ್ಲಿ, ತಾರೀಖ ಅದರಾಗಽ ಬರಸಲಿ. ಹೆಚ್ಚುಕಮ್ಮಿ ತಡ ಆದ್ರೂ ಮೊದಲಿಂದ ಶುರು ಮಾಡಬೇಕಾಗಿಲ್ಲ, ಉಳಿದದ್ದ ಮಾಡಿಸಿದ್ರಾತು. ಮೂರೂ ಮುಗದ ಒಂದೆರಡ ತಿಂಗಳ ಮ್ಯಾಲ ರಕ್ತ ತೋರಸಲಿ. ಹತ್ತರ ಮ್ಯಾಲ ಬಂತಂದ್ರ ಅಕಿಗೆ ಶಕ್ತಿ ಬಂದೈತಿ ಅಂತ ತಿಳ್ಕೋರಿ."