ಎರಡು ಜಿಬಿಯ ಸಂಸಾರ

ಅನೇಕರ ಮನೆಯ ಬೀರುವಿನಲ್ಲಿ ಪುಟಾಣಿ ಲ್ಯಾಪ್‌ಟಾಪ್ ಒಂದು ಮಲಗಿರುತ್ತದೆ. ಆಟಮ್ ಪ್ರೊಸೆಸರ್, 2 ಜಿಬಿ ರ‍್ಯಾಮ್. ಎಸೆಯಲು ಮನಸ್ಸಿಲ್ಲ, ಮಾರಿದರೆ ಕಾಸಿಲ್ಲ. ವಿಂಡೋಸ್ 10 ಇದ್ದರೆ ಬಟನ್ ಒತ್ತಿ, ಡಿಕಾಕ್ಷನ್ ಇಳಿಸಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಚುಕ್ಕೆಗಳು ಪ್ರದಕ್ಷಿಣೆ ಹಾಕುತ್ತಲೇ ಇರುತ್ತವೆ. ಆ ವಿಂಡೋಸ್‌ಗಿದ್ದ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದೋ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಮೇಲೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇರೆ. ಹಿಂದಿನ ಕಾಲದ ಬೀಗರ ವರೋಪಚಾರದ ಪಟ್ಟಿಯೇ ವಾಸಿ!

ಉಳಿದದ್ದು ಲಿನಕ್ಸ್. ಇಲ್ಲಿನ ಕಷ್ಟ ಬೇರೆ, ಹೇಳುವವರೇ ಜಾಸ್ತಿ. ಲಿನಕ್ಸ್‌ನ ಬಗೆಗಳಲ್ಲಿ ಲುಬುಂಟು ಎನ್ನುವವನೊಬ್ಬ, ಮಿಂಟ್ ಎನ್ನುವವನೊಬ್ಬ. ಪಪ್ಪಿ ಲಿನಕ್ಸ್ ಭಕ್ತರಂತೂ ಹಾರ್ಡ್‌ಡಿಸ್ಕೇ ಬೇಡ, ಪೆನ್‌ಡ್ರೈವ್ ಸಿಕ್ಕಿಸಿ, ಎಲ್ಲ ರ‍್ಯಾಮ್‌ನಲ್ಲೇ ಓಡುತ್ತೆ ಎನ್ನುತ್ತಾರೆ. ಸುಳ್ಳೇನಲ್ಲ.

ಅಷ್ಟರಲ್ಲಿ ಮನೆಯ ಹಿರಿಯರ ಪ್ರಶ್ನೆ: “ಇದ್ರಲ್ಲಿ ಕನ್ನಡ ಬರುತ್ತೇನಪ್ಪಾ?” ಬರುತ್ತೆ. ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆಯಾದ ಐಬಸ್‌ಗೆ ಎಂ17ಎನ್ ಸೇರಿಸಿದರೆ ಕೆಜಿಪಿ ಕೀಲಿಮಣೆಯೇ ಸಿಗುತ್ತದೆ. ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳು ತಡವರಿಸುವುದಿಲ್ಲ. ಸಿಸ್ಟಂ ಹಗುರವಾಯಿತೆಂದು ಬ್ರೌಸರ್ ಹಗುರವಾಗುವುದಿಲ್ಲ, ಅದೊಂದು ನೆನಪಿರಲಿ. ಹತ್ತು ಟ್ಯಾಬ್ ತೆರೆದರೆ ಯಾವ ಲಿನಕ್ಸೂ ಕಾಪಾಡದು.

ನನ್ನನ್ನು ಕೇಳಿದರೆ 64 ಬಿಟ್, 2 ಜಿಬಿಗೆ ಲುಬುಂಟು. 32 ಬಿಟ್‌ನ ಮುದಿ ಯಂತ್ರಕ್ಕೆ ಆಂಟಿಎಕ್ಸ್ 23 ಎಂಬ ಇನ್ನೊಂದು ಹಗುರ ಲಿನಕ್ಸ್. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ, ವೈಫೈ ಸಿಗುತ್ತದೋ ನೋಡಿ, ಆಮೇಲೆ ಇನ್‌ಸ್ಟಾಲ್ ಮಾಡಿ.